ಊರಿನ ನೀರಿಗೆ ಲೆಕ್ಕ ಬರೆಯುವವರು ಯಾರು?



ಬೆಳಿಗ್ಗೆ ಡೇರಿಗೆ ನೀವು ತಂದ ಹಾಲನ್ನು ಅಳೆಯುತ್ತಾರೆ, ಡಿಗ್ರಿ ನೋಡುತ್ತಾರೆ, ಫ್ಯಾಟ್ ತೆಗೆಯುತ್ತಾರೆ, ಲೆಕ್ಕ ಬರೆದು ಕೊಡುತ್ತಾರೆ. ಕಾಲು ಲೀಟರ್ ವ್ಯತ್ಯಾಸವಾದರೂ ನೀವು ಬಿಡುವುದಿಲ್ಲ, ಬಿಡಲೂಬಾರದು. ಆದರೆ ಆ ಹಾಲಿನ ಹಿಂದೆ ಎಷ್ಟು ನೀರು ಹೋಗಿದೆ ಎಂದು ಕೇಳಿದರೆ ನಮ್ಮ ಬಳಿ ಉತ್ತರವಿಲ್ಲ. ಒಂದು ಲೀಟರ್ ಹಾಲು ಕೊಡಲು ಹಸು ಸುಮಾರು ನಾಲ್ಕೈದು ಲೀಟರ್ ನೀರು ಕುಡಿಯಬೇಕೆಂಬುದು ನಿಮಗೆ ತಿಳಿದದ್ದೇ. ಅದು ಚಿಕ್ಕ ಲೆಕ್ಕ. ದೊಡ್ಡ ಲೆಕ್ಕ ಇರುವುದು ಸೀಮೆಹುಲ್ಲಿನ ತಾಕಿನಲ್ಲಿ.

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಸುಮಾರು 4,000 ಲೀಟರ್ ಆಗುತ್ತದೆ. ಬೇಸಿಗೆಯಲ್ಲಿ ಮೇವಿನ ಹೊಲಕ್ಕೆ ಒಂದು ಸಲ ಐದು ಸೆಂಟಿಮೀಟರ್ ನೀರು ಕಟ್ಟಿದಿರಿ ಎನ್ನೋಣ. ಎಕರೆಗೆ ಎರಡು ಲಕ್ಷ ಲೀಟರ್ ಆಯಿತು. ನಿಮ್ಮ ಕೊಳವೆಬಾವಿ ಗಂಟೆಗೆ 1,500 ಗ್ಯಾಲನ್ ಕೊಟ್ಟರೆ ಇಷ್ಟು ನೀರೆತ್ತಲು 30 ಗಂಟೆ ಬೇಕು. ದಿನಕ್ಕೆ ಏಳು ಗಂಟೆ ಮೂರು ಫೇಸ್ ಕರೆಂಟು ಬಂದರೂ ನಾಲ್ಕು ದಿನ ದಾಟುತ್ತದೆ. ಹೀಗೆ ಬೇಸಿಗೆಯಲ್ಲಿ ಹತ್ತು ಸಲ ಕಟ್ಟಿದರೆ 20 ಲಕ್ಷ ಲೀಟರ್.

ಈಗ ಊರಿನ ಜಮೆಯ ಕಡೆ ನೋಡೋಣ. ಊರಿನ ಒಟ್ಟು ವಿಸ್ತೀರ್ಣ 1,000 ಎಕರೆ, ವರ್ಷದ ಮಳೆ 700 ಮಿಲಿಮೀಟರ್ ಎಂದಿಟ್ಟುಕೊಂಡರೆ ಬೀಳುವ ನೀರು ಸುಮಾರು 283 ಕೋಟಿ ಲೀಟರ್. ಕೇಳಲು ದೊಡ್ಡ ಮೊತ್ತ. ಆದರೆ ನಮ್ಮ ಕಲ್ಲುಬಂಡೆಯ ಸೀಮೆಯಲ್ಲಿ ಅದರ ನೂರಕ್ಕೆ ಹತ್ತು ಭಾಗ ಭೂಮಿಗೆ ಇಳಿದರೆ ಅದೇ ಹೆಚ್ಚು, ಅಂದರೆ 28 ಕೋಟಿ ಲೀಟರ್. ಬರೀ ಬೇಸಿಗೆಯ ಸೀಮೆಹುಲ್ಲಿಗೇ ಬಳಸಿದರೂ ಇದು 140 ಎಕರೆಗೆ ಮುಗಿದುಹೋಗುತ್ತದೆ. ಜನ, ದನ, ತರಕಾರಿ, ಹಿಪ್ಪುನೇರಳೆ ಯಾವುದನ್ನೂ ಇಲ್ಲಿ ಸೇರಿಸಿಲ್ಲ. ನಿಮ್ಮ ಊರಿನ ಲೆಕ್ಕವನ್ನು ನಿಮ್ಮ ಅಂಕಿಗಳಿಂದಲೇ ಹಾಕಿ ನೋಡಿ. ಒಂದು ಬಾವಿ ಬತ್ತಿದ ಮೇಲೆ ಇನ್ನೊಂದನ್ನು ಇನ್ನೂರು ಅಡಿ ಹೆಚ್ಚು ಆಳಕ್ಕೆ ಕೊರೆಸುವುದರಿಂದ ಈ 28 ಕೋಟಿ 29 ಆಗುವುದಿಲ್ಲ.

ಹಾಗಾದರೆ ಊರಿನವರು ಸೇರಿ ನೀರನ್ನು ಹಂಚಿಕೊಳ್ಳುವ ಯೋಜನೆಗಳು ಎಲ್ಲಿ ನಡೆದವು, ಏಕೆ ನಡೆದವು? ಬೇರೆ ಬೇರೆ ಕಡೆಯ ಕೆಲವು ಉದಾಹರಣೆಗಳನ್ನು ಈ ಪಾಠದಲ್ಲಿ ನೋಡೋಣ. ಅವುಗಳಲ್ಲಿ ಮೊದಲನೆಯದು ಎಮ್ಮೆ, ಆಡುಗಳಿಗೆ ಸಂಬಂಧಿಸಿದ್ದು, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಸುಖೋಮಾಜ್ರಿಯ ಕರಾರು

ಚಂಡೀಗಢದಲ್ಲಿ 1958ರಲ್ಲಿ ಸುಖ್ನಾ ಎಂಬ ಕೆರೆಯನ್ನು ಕಟ್ಟಿದರು. ಇಪ್ಪತ್ತು ವರ್ಷ ತುಂಬುವ ಮೊದಲೇ ಅದರ ಬಹುಭಾಗ ಹೂಳಿನಿಂದ ತುಂಬಿತು. ಹೂಳು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದ ವಿಜ್ಞಾನಿ ಪಿ.ಆರ್. ಮಿಶ್ರಾ ಮತ್ತು ಅವರ ಸಂಗಡಿಗರು ಹರಿಯಾಣದ ಶಿವಾಲಿಕ್ ಗುಡ್ಡಗಳಿಗೆ ಹೋದರು. ಅಲ್ಲಿ ಸುಖೋಮಾಜ್ರಿ ಎಂಬ ಸಣ್ಣ ಹಳ್ಳಿ. ಗುಡ್ಡ ಬೋಳಾಗಿತ್ತು, ಆಡು ದನಗಳು ಮೇಯ್ದು ಮೇಯ್ದು ಹುಲ್ಲಿನ ಬೇರೂ ಉಳಿದಿರಲಿಲ್ಲ. ಮಳೆಯನ್ನು ನಂಬಿದ ಹೊಲದಿಂದ ಹೊಟ್ಟೆ ತುಂಬದ ಜನಕ್ಕೆ ಆ ಆಡುಗಳೇ ಜೀವನಾಧಾರ.

ಇಲಾಖೆಯವರು ಮಾಡುವಂತೆ ಮೊದಲು ಸಸಿ ನೆಟ್ಟರು, ಕಲ್ಲಿನ ತಡೆಗಳನ್ನು ಕಟ್ಟಿದರು. ಜನ ಆಡು ಬಿಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸುವುದಾದರೂ ಏಕೆ? ಮೇವು ಕಳೆದುಕೊಳ್ಳುವವರು ಊರಿನವರು, ಲಾಭವಾಗುವುದು ಪಟ್ಟಣದ ಕೆರೆಗೆ. 1976ರಲ್ಲಿ ಒಂದು ಮಣ್ಣಿನ ಕಟ್ಟೆ ಹಾಕಿದರು. ಅದರಲ್ಲಿ ನಿಂತ ನೀರನ್ನು ಹೊಲಕ್ಕೆ ಬಿಟ್ಟಾಗ ಊರಿನವರ ಕಣ್ಣು ತೆರೆಯಿತು. ಆದರೆ ನೀರು ಸಿಕ್ಕಿದ್ದು ಕಟ್ಟೆಯ ಕೆಳಗೆ ಜಮೀನಿದ್ದ ಕೆಲವರಿಗೆ. ಉಳಿದವರು, ಅವರಿಗಷ್ಟೇ ನೀರಾದರೆ ನಾವೇಕೆ ನಮ್ಮ ಆಡುಗಳನ್ನು ಕಟ್ಟಿಹಾಕಬೇಕು ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು.

ಮುಂದೆ ಮಾಡಿಕೊಂಡ ಕರಾರೇ ಈ ಕಥೆಯ ತಿರುಳು. ಗುಡ್ಡವನ್ನು ಎಲ್ಲರೂ ಕಾಯುವುದು, ಆದ್ದರಿಂದ ನೀರು ಎಲ್ಲರದು. ಜಮೀನು ಹೆಚ್ಚಿರಲಿ, ಕಡಿಮೆ ಇರಲಿ, ಇಲ್ಲದೆಯೇ ಇರಲಿ, ಪ್ರತಿ ಮನೆಗೂ ಸಮಪಾಲು. ಜಮೀನಿಲ್ಲದವನು ತನ್ನ ಪಾಲಿನ ನೀರನ್ನು ಬೇಕಾದವರಿಗೆ ಕೊಟ್ಟು ಹಣವನ್ನೋ ಬೆಳೆಯಲ್ಲಿ ಪಾಲನ್ನೋ ಪಡೆಯಬಹುದು. ಯಾರ ಆಡು ಗುಡ್ಡಕ್ಕೆ ಹೋದರೂ ಅದು ತನ್ನ ಪಾಲಿಗೇ ನಷ್ಟ ಎಂದು ಪ್ರತಿ ಮನೆಯವರಿಗೂ ಅನ್ನಿಸಿದ್ದರಿಂದ ಬೇಲಿ ಹಾಕದೆಯೇ ಗುಡ್ಡಕ್ಕೆ ಬೇಲಿಯಾಯಿತು. ಹುಲ್ಲು ಬೆಳೆಯಿತು. ಅದನ್ನು ಕೊಯ್ದು ತಂದು ಕೊಟ್ಟಿಗೆಯಲ್ಲಿ ಹಾಕುವ ಪದ್ಧತಿ ಬಂತು. ಆಡುಗಳ ಸಂಖ್ಯೆ ಇಳಿದು ಎಮ್ಮೆಗಳ ಸಂಖ್ಯೆ ಏರಿತು, ಊರಿನಿಂದ ಹಾಲು ಹೊರಗೆ ಹೋಗತೊಡಗಿತು. ಹಗ್ಗಕ್ಕೂ ಕಾಗದದ ಕಾರ್ಖಾನೆಗೂ ಬೇಕಾದ ಭಾಬರ್ ಹುಲ್ಲನ್ನು ಕೊಯ್ಯುವ ಗುತ್ತಿಗೆ ಊರಿನ ಸಂಘಕ್ಕೇ ಸಿಕ್ಕಿತು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಪಾಠ ಅರ್ಧವಾಗುತ್ತದೆ. ನಂತರದ ವರ್ಷಗಳಲ್ಲಿ ಹುಲ್ಲಿನ ಆದಾಯದಲ್ಲಿ ಇಲಾಖೆಗೆ ಎಷ್ಟು, ಸಂಘಕ್ಕೆ ಎಷ್ಟು ಎಂಬ ತಕರಾರು ಬಂತು. ಮನೆಗೊಂದು ಸಮಪಾಲಿನ ಪದ್ಧತಿ ಹೋಗಿ ಗಂಟೆಗಿಷ್ಟು ಎಂದು ಹಣ ಕೊಟ್ಟು ನೀರು ಪಡೆಯುವ ಪದ್ಧತಿ ಬಂತು. ಸಂಘದ ಮೊದಲಿನ ಹುರುಪು ಉಳಿಯಲಿಲ್ಲ. ಕರಾರನ್ನು ಮಾಡಿಕೊಂಡಷ್ಟೇ ಶ್ರದ್ಧೆಯಿಂದ ಅದನ್ನು ಕಾಯ್ದುಕೊಳ್ಳುವುದೂ ಬೇಕಿತ್ತು, ಅದಕ್ಕೆ ಸರ್ಕಾರದ ಮನ್ನಣೆಯೂ ಬೇಕಿತ್ತು.

ಮಹಾರಾಷ್ಟ್ರದ ಎರಡು ಪದ್ಧತಿ

1972ರ ಬರಗಾಲದ ನಂತರ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವ್‌ನಲ್ಲಿ ವಿಲಾಸರಾವ್ ಸಾಳುಂಖೆ ಎಂಬ ಇಂಜಿನಿಯರು 'ಪಾಣಿ ಪಂಚಾಯತ್' ಆರಂಭಿಸಿದರು. ಅಲ್ಲಿ ನೀರಿನ ಹಕ್ಕು ಜಮೀನಿಗಲ್ಲ, ತಲೆಗೆ. ಒಬ್ಬರಿಗೆ ಅರ್ಧ ಎಕರೆಗೆ ಸಾಕಾಗುವಷ್ಟು ನೀರು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಜಮೀನು ಮಾರಿದರೂ ನೀರಿನ ಹಕ್ಕು ಅದರ ಜೊತೆ ಹೋಗದು. ಕಬ್ಬು ಬೆಳೆಯುವಂತಿಲ್ಲ. ಖರ್ಚಿನ ಐದನೆಯ ಒಂದು ಭಾಗವನ್ನು ಸದಸ್ಯರೇ ಹಾಕಬೇಕು. ಕಬ್ಬಿನ ಆಸೆಯಿದ್ದವರಿಗೆ ಇದು ರುಚಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಅಹಮದ್‌ನಗರ ಜಿಲ್ಲೆಯ (ಈಗಿನ ಅಹಿಲ್ಯಾನಗರ) ಹಿವರೆ ಬಜಾರ್‌ನ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ, ಕೆಲವರು ಪ್ರವಾಸಕ್ಕೂ ಹೋಗಿ ಬಂದಿರಬಹುದು. ಪೋಪಟ್‌ರಾವ್ ಪವಾರ್ 1989ರಲ್ಲಿ ಸರಪಂಚರಾದರು. ನೋಡಲು ಹೋದವರು ಒಡ್ಡು, ಕಾಲುವೆ, ಮರಗಳ ಚಿತ್ರ ತೆಗೆದುಕೊಂಡು ಬರುತ್ತಾರೆ. ಒಡ್ಡುಗಳು ನಮ್ಮಲ್ಲೂ ಇವೆ. ನಮ್ಮಲ್ಲಿ ಇಲ್ಲದಿರುವುದು ಅಲ್ಲಿನ ನಿಯಮಗಳು: ಬೇಸಾಯಕ್ಕೆ ಕೊಳವೆಬಾವಿ ಕೊರೆಯುವಂತಿಲ್ಲ, ಗುಡ್ಡದಲ್ಲಿ ದನ ಬಿಡುವಂತಿಲ್ಲ, ಕಬ್ಬು ಬಾಳೆ ಹಾಕುವಂತಿಲ್ಲ. ಮಳೆಗಾಲ ಮುಗಿದ ಮೇಲೆ ಮಳೆ ಎಷ್ಟು ಬಂತು, ಬಾವಿಗಳಲ್ಲಿ ನೀರು ಎಷ್ಟಿದೆ ಎಂದು ನೋಡಿ ಗ್ರಾಮಸಭೆಯಲ್ಲಿ ನೀರಿನ ಬಜೆಟ್ ಮಾಡುತ್ತಾರೆ. ಕುಡಿಯುವ ನೀರು, ದನಗಳ ನೀರು ಮೊದಲು. ಉಳಿದದ್ದರಲ್ಲಿ ಯಾವ ಬೆಳೆ, ಎಷ್ಟು ಎಂಬುದು ಆಮೇಲೆ. ಹುಲ್ಲು ಕೊಯ್ದು ತರುವುದಕ್ಕೆ ಅವಕಾಶವಿದ್ದುದರಿಂದ ಅಲ್ಲಿ ಹಾಲು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ನಮ್ಮ ನೆರೆಯಲ್ಲಿ

ಅಂದಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ಅಂದರೆ ನಮಗೆ ಅಂಟಿಕೊಂಡಿರುವ ಅನಂತಪುರ, ಚಿತ್ತೂರು ಸೇರಿದಂತೆ, 2000ದ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಹಯೋಗದಿಂದ ರೈತರೇ ಅಂತರ್ಜಲ ಅಳೆಯುವ ಯೋಜನೆ ನಡೆಯಿತು. ಇಲ್ಲಿ ನಿಷೇಧವೂ ಇಲ್ಲ, ದಂಡವೂ ಇಲ್ಲ, ಸಹಾಯಧನವೂ ಇಲ್ಲ. ರೈತ ಗಂಡಸರು ಹೆಂಗಸರು ಮಳೆಮಾಪಕ ನೋಡಿದರು, ಬಾವಿಯ ನೀರಿನ ಮಟ್ಟ ಅಳೆದರು, ಹಿಂಗಾರಿಗೆ ಮೊದಲು ಊರಿನ ಮುಂದೆ ಲೆಕ್ಕ ಇಟ್ಟರು. ತನ್ನ ಬಾವಿ ಬತ್ತುತ್ತದೆ ಎಂದು ಬಿತ್ತುವ ಮೊದಲೇ ತಿಳಿದ ರೈತ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ತಾನಾಗಿಯೇ ಹೋದ ಉದಾಹರಣೆಗಳು ಬಹಳ. ಆದರೆ ಯೋಜನೆಯ ಹಣ ನಿಂತ ಮೇಲೆ ಹಲವು ಹಳ್ಳಿಗಳಲ್ಲಿ ಅಳತೆಯೂ ನಿಂತಿತು. ಡೇರಿಯಲ್ಲಿ ಅಳತೆ ಏಕೆ ನಿಲ್ಲುವುದಿಲ್ಲ ಎಂದು ಯೋಚಿಸಿ: ಬಟವಾಡೆ ಆ ಅಳತೆಯ ಮೇಲೆ ನಿಂತಿದೆ, ಕಾರ್ಯದರ್ಶಿಗೆ ಸಂಬಳವಿದೆ.

ನೀರುಗಂಟಿ ಹೋದ ಮೇಲೆ

ನಮ್ಮ ಕೆರೆಗಳಿಗೂ ಹಿಂದೆ ಒಂದು ಆಡಳಿತವಿತ್ತು. ತೂಬು ಎತ್ತುವುದು, ಅಚ್ಚುಕಟ್ಟಿನ ಕೊನೆಯ ಗದ್ದೆಯವರೆಗೆ ನೀರು ಹಾಯಿಸುವುದು, ಏರಿಯ ಮೇಲೆ ಇಲಿಬಿಲ ನೋಡುವುದು ನೀರುಗಂಟಿಯ ಕೆಲಸ. ಸುಗ್ಗಿಯಲ್ಲಿ ಅವನಿಗೆ ಪ್ರತಿ ರೈತನ ಕಣದಿಂದ ಧಾನ್ಯ. ಜಮೀನ್ದಾರನಾಗಲಿ ಪಟೇಲನಾಗಲಿ ತಾನೇ ಹೋಗಿ ತೂಬು ಎತ್ತುವಂತಿರಲಿಲ್ಲ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಒಂದು ಭಾಗಕ್ಕೆ ಮಾತ್ರ ಭತ್ತ, ಉಳಿದ ಕಡೆ ರಾಗಿ ಎಂದು ತೀರ್ಮಾನಿಸುವ ವಾಡಿಕೆ ಅನೇಕ ಊರುಗಳಲ್ಲಿತ್ತು.

ಈ ಕೆಲಸ ವಂಶಪಾರಂಪರ್ಯವಾಗಿ, ನಮ್ಮ ಕಡೆ ಹೆಚ್ಚಾಗಿ ದಲಿತ ಕುಟುಂಬಗಳ ಮೇಲೆ ಬಿದ್ದಿತ್ತು. ಗೌರವವೂ ಕಡಿಮೆ, ಕೂಲಿಯೂ ಕಡಿಮೆ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ಇಂತಹ ಪಾರಂಪರಿಕ ಹುದ್ದೆಗಳು ಹೋದದ್ದು ಸರಿಯೇ. ಆದರೆ ಕೆಲಸ ಇದ್ದೇ ಇತ್ತು, ಅದನ್ನು ಮಾಡುವವರನ್ನು ಮಾತ್ರ ಯಾರೂ ನೇಮಿಸಲಿಲ್ಲ. ಹಳೆಯದನ್ನು ಹೊಗಳುತ್ತ ಕೂರುವ ಬದಲು, ಸಂಬಳ ಕೊಟ್ಟು ಗೌರವದಿಂದ ಒಬ್ಬ ನೀರುಗಂಟಿಯನ್ನು ಇಟ್ಟುಕೊಳ್ಳಲು ನಮ್ಮ ಊರುಗಳಿಗೆ ಏಕೆ ಆಗಲಿಲ್ಲ ಎಂದು ಕೇಳಿಕೊಳ್ಳುವುದು ಲೇಸು.

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ರಾಜ್ಯದ ಕೆರೆಗಳ ಪುನಶ್ಚೇತನ ಕೈಗೊಂಡಾಗ ಊರೂರಿಗೆ ಕೆರೆ ಬಳಕೆದಾರರ ಸಂಘಗಳಾದವು. ಹೂಳು ತೆಗೆಯುವ ಕಾಮಗಾರಿ ಇದ್ದಾಗ ಸಭೆಗೆ ಜನ ತುಂಬಿರುತ್ತಿದ್ದರು. ಕಾಮಗಾರಿ ಮುಗಿದ ಮೇಲೆ ಎಷ್ಟು ಸಂಘಗಳ ನಡವಳಿ ಪುಸ್ತಕದಲ್ಲಿ ಹೊಸ ಪುಟ ತೆರೆದಿದೆ ಎಂಬುದನ್ನು ನಿಮ್ಮ ಊರಿನಲ್ಲೇ ವಿಚಾರಿಸಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಬಂತು. ಅಂತರ್ಜಲ ತುಂಬಿಸುವುದಕ್ಕೆಂದು ತಂದ ನೀರು ಅದು, ಕೆರೆಯಿಂದ ನೇರವಾಗಿ ಪಂಪು ಇಟ್ಟು ಎತ್ತುವಂತಿಲ್ಲ. ಕೆರೆ ತುಂಬಿತು, ಸುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬಂತು. ನೀರಿನ ಗುಣದ ಬಗ್ಗೆ ಎದ್ದ ಪ್ರಶ್ನೆಗಳು ಬೇರೆಯೇ ಇವೆ. ಈ ಪಾಠಕ್ಕೆ ಬೇಕಾದ ಪ್ರಶ್ನೆ ಒಂದೇ: ಮೇಲೆ ಬಂದ ಆ ನೀರನ್ನು ಯಾರು ಎಷ್ಟು ಎತ್ತಬೇಕೆಂದು ಯಾವ ಸಭೆಯಲ್ಲಿ ತೀರ್ಮಾನವಾಯಿತು?

ನೇಪಾಳದ ಮಣ್ಣಿನ ಒಡ್ಡು

ಇಂತಹ ಸಾಮೂಹಿಕ ಸ್ವತ್ತುಗಳ ಆಡಳಿತವನ್ನು ಜೀವಮಾನವಿಡೀ ಅಭ್ಯಾಸ ಮಾಡಿದವರು ಅಮೆರಿಕದ ಎಲಿನಾರ್ ಆಸ್ಟ್ರಂ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು, ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಮಹಿಳೆ. ಅವರು ಮತ್ತು ಸಹೋದ್ಯೋಗಿಗಳು ನೇಪಾಳದಲ್ಲಿ ರೈತರೇ ನಡೆಸುವ ಕಾಲುವೆಗಳನ್ನೂ ಸರ್ಕಾರಿ ಕಾಲುವೆಗಳನ್ನೂ ಹೋಲಿಸಿ ನೋಡಿದರು. ಮಣ್ಣು, ಕಲ್ಲು, ಸೊಪ್ಪುಸದೆಯಿಂದ ಕಟ್ಟಿದ ರೈತರ ಒಡ್ಡು ಪ್ರತಿ ಮಳೆಗಾಲದಲ್ಲೂ ಕೊಚ್ಚಿಹೋಗುತ್ತಿತ್ತು. ಆದರೂ ಕಾಲುವೆಯ ಕೊನೆಗೆ ನೀರು ಚೆನ್ನಾಗಿ ಮುಟ್ಟುತ್ತಿದ್ದುದು ಹೆಚ್ಚಾಗಿ ಅಲ್ಲಿಯೇ. ಕಾಂಕ್ರೀಟಿನ ಭದ್ರ ಒಡ್ಡು ಇದ್ದ ಅನೇಕ ಕಡೆ ಕೊನೆಯವರಿಗೆ ನೀರಿಲ್ಲ.

ಕಾರಣ ಸರಳವಾಗಿದೆ. ಮಣ್ಣಿನ ಒಡ್ಡು ಕಟ್ಟಲು ಮೇಲಿನ ರೈತನಿಗೆ ಕೆಳಗಿನ ರೈತನ ದುಡಿಮೆ ಬೇಕು, ಆದ್ದರಿಂದ ಅವನಿಗೆ ನೀರು ಬಿಡಲೇಬೇಕು. ಕಾಂಕ್ರೀಟು ಬಂದ ಮೇಲೆ ಮೇಲಿನವನಿಗೆ ಕೆಳಗಿನವನ ಹಂಗೇ ಇಲ್ಲ. ಹಾಗೆಂದು ಕಾಂಕ್ರೀಟು ಬೇಡ ಎಂದು ತಿಳಿಯಬಾರದು. ಕಾಮಗಾರಿಗೆ ಕೈ ಹಾಕುವ ಮೊದಲು ಅದು ಯಾರನ್ನು ಯಾರ ಹಂಗಿನಿಂದ ಬಿಡಿಸುತ್ತದೆ ಎಂದು ನೋಡಬೇಕಾಗುತ್ತದೆ.

ಆಸ್ಟ್ರಂ ಕಂಡುಕೊಂಡ ಲಕ್ಷಣಗಳಲ್ಲಿ ಹೆಚ್ಚಿನವು ನಮ್ಮ ಸಂಘಗಳಿಗೆ ಹೊಸದೇನಲ್ಲ. ಸದಸ್ಯರು ಯಾರೆಂದು ಸ್ಪಷ್ಟವಿರುವುದು, ನಿಯಮವನ್ನು ಸದಸ್ಯರೇ ಮಾಡುವುದು, ಎಲ್ಲರ ಕಣ್ಣೆದುರು ಅಳೆಯುವುದು, ಹಾಲಿಗೆ ನೀರು ಬೆರೆಸಿದವನಿಗೆ ಮೊದಲ ಸಲ ಎಚ್ಚರಿಕೆ, ಮತ್ತೆ ಮಾಡಿದರೆ ದಂಡ ಎಂಬ ಕ್ರಮ, ಜಗಳವನ್ನು ಊರಿನಲ್ಲೇ ಬಗೆಹರಿಸುವುದು, ಹಳ್ಳಿಯ ಸಂಘದ ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ರಾಜ್ಯ ಮಹಾಮಂಡಳಿ. ಹಾಲಿಗೆ ಇವೆಲ್ಲ ಇವೆ. ನೀರಿಗೆ ಇಲ್ಲ.

ಆರಂಭಕ್ಕೆ ಏನು ಮಾಡಬಹುದು?

ಸಂಘದ ಕಟ್ಟಡದ ಬಯಲಿನಲ್ಲಿ, ಮರ ಗೋಡೆಗಳಿಂದ ದೂರ, ಒಂದು ಮಳೆಮಾಪಕ ಇಡಿ. ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯಿರಿ. ಹಾಲು ಹಾಕುವ ಹೊತ್ತು ಮುಗಿದಿರುತ್ತದೆ. ಊರಿನ ನಾಲ್ಕು ದಿಕ್ಕಿನಲ್ಲಿ ನಾಲ್ಕು ಕೊಳವೆಬಾವಿ ಆರಿಸಿಕೊಳ್ಳಿ, ಪಂಪು ಇಲ್ಲದ ಅಥವಾ ಕೈಬಿಟ್ಟ ಬಾವಿಯಾದರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ, ಅಕ್ಕಪಕ್ಕದ ಪಂಪುಗಳು ರಾತ್ರಿಯೆಲ್ಲ ನಿಂತಿರುವ ದಿನ ನೋಡಿ, ಗುಂಡು ಕಟ್ಟಿದ ಟೇಪು ಇಳಿಬಿಟ್ಟು ನೀರು ಎಷ್ಟು ಅಡಿಯಲ್ಲಿದೆ ಎಂದು ಗುರುತು ಹಾಕಿ. ಈ ಕೆಲಸಕ್ಕೆ ಒಬ್ಬರನ್ನು ನೇಮಿಸಿ, ತಿಂಗಳಿಗೆ ಇಷ್ಟೆಂದು ಹಣ ಕೊಡಲು ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ. ಪುಕ್ಕಟೆ ಕೆಲಸ ಮೂರು ತಿಂಗಳಿಗೆ ನಿಲ್ಲುತ್ತದೆ. ಫ್ಯಾಟಿನ ದರ ಬರೆಯುವ ಹಲಗೆಯ ಪಕ್ಕದಲ್ಲೇ ಈ ಅಂಕಿಗಳನ್ನೂ ಬರೆಸಿ, ಜಮೀನಿಲ್ಲದೆ ಒಂದು ಹಸು ಕಟ್ಟಿಕೊಂಡಿರುವ ಸದಸ್ಯೆಯೂ ಓದುವಂತೆ. ಮುಂದಿನ ಮಹಾಸಭೆಗೆ ಹನ್ನೆರಡು ತಿಂಗಳ ಅಂಕಿ ಕೈಯಲ್ಲಿದ್ದರೆ, ಬೇಸಿಗೆಗೆ ಎಷ್ಟು ಎಕರೆ ಹಸಿಮೇವು, ಎಷ್ಟು ಒಣಮೇವು, ಎಷ್ಟು ರಸಮೇವು ಎಂಬ ಮಾತನ್ನು ಅಲ್ಲಿ ಎತ್ತಬಹುದು.