ಓಟಗಾರ್ತಿಯ ಕೈಯಲ್ಲಿ ಗಡಿಯಾರ

ಓಟದ ಪಂದ್ಯವೆಂದೊಡನೆ ನಮ್ಮ ದೃಷ್ಟಿ ಓಡುವವರ ಕಡೆಗೇ ಹೋಗುತ್ತದೆ. ಆದರೆ ಗೆರೆ ಎಳೆಯುವವರು, ದಾರಿ ತೋರಿಸುವವರು, ಕಾಲವನ್ನು ಅಳೆಯುವವರು ಇಲ್ಲದಿದ್ದರೆ ಪಂದ್ಯವೇ ನಡೆಯದು. 2004ನೆಯ ಇಸವಿಯ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಮಂದಿ 5 ಕಿಲೋಮೀಟರ್ ಓಡಿದರು. ಅದನ್ನು ಏರ್ಪಡಿಸಿದ ಪಾಲ್ ಸಿಂಟನ್-ಹ್ಯೂಯಿಟ್ ಎಂಬವರು ಸ್ವತಃ ಓಟಗಾರರು. ಆಗ ಪೆಟ್ಟಾಗಿ ಓಡಲಾರದೆ ಇದ್ದರು. ಅವರು ಆರಂಭಿಸಿದ ಆ ಓಟವು ‘ಪಾರ್ಕ್‌ರನ್’ ಎಂಬ ಹೆಸರಿನಿಂದ ಹಲವು ದೇಶಗಳಿಗೆ ಹರಡಿ, ಇಂದಿಗೂ ಸ್ವಯಂಸೇವಕರ ನೆರವಿನಿಂದಲೇ ನಡೆಯುತ್ತಿದೆ.

ತಾಯಿಯಾಗಲಿರುವ ಓಟಗಾರ್ತಿಗೂ ಇಂಥದೇ ಬಿಡುವಿನ ಕಾಲ ಬರುತ್ತದೆ. ಗರ್ಭಿಣಿಯು ಆಟದ ಬಯಲಿಗೆ ಕಾಲಿಡಲೇಬಾರದೆಂದು ಹಲವರು ಎಣಿಸುತ್ತಾರೆ. ಅದು ಸರಿಯಲ್ಲ. ತೊಡಕುಗಳಿಲ್ಲದ ಗರ್ಭಿಣಿಯರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಯಾರಿಗೆ ಎಷ್ಟು ಎಂಬುದನ್ನು ಮಾತ್ರ ವೈದ್ಯರೇ ನಿರ್ಧರಿಸಬೇಕು.

ಹಾಗಾದರೆ ವೇಗದ ಓಟಕ್ಕೆ ಅಡ್ಡಿಯೇನು? ಗರ್ಭ ಬೆಳೆದಂತೆ ದೇಹದ ಗುರುತ್ವಕೇಂದ್ರವು ಮುಂದಕ್ಕೆ ಸರಿಯಲು ತೊಡಗುತ್ತದೆ. ಆ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಪಾದಗಳ ನಡುವೆ ಬೀಳದಿದ್ದರೆ ನಿಲುವು ಸ್ಥಿರವಾಗಿರದು. ಆದುದರಿಂದ ಗರ್ಭಿಣಿಯು ಬೆನ್ನನ್ನು ತುಸು ಹಿಂದಕ್ಕೆ ಬಾಗಿಸುತ್ತಾಳೆ. ಹೀಗೆ ಬಾಗಲು ಸ್ತ್ರೀಯರ ಸೊಂಟದ ಕಶೇರುಗಳ ರಚನೆಯೇ ಅನುಕೂಲವಾಗಿದೆಯೆಂದು 2007ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಆದರೂ ಥಟ್ಟನೆ ತಿರುಗುವಾಗ ಎಡವುವ ಭಯವುಂಟು. ಇದಲ್ಲದೆ ಹೃದಯವು ನಿಮಿಷಕ್ಕೆ ಹೊರದೂಡುವ ರಕ್ತವು 30ರಿಂದ 50 ಶೇಕಡಾ ಹೆಚ್ಚಿರುತ್ತದೆ. ವಿಶ್ರಾಂತಿಯಲ್ಲಿಯೂ ಹೃದಯಕ್ಕೆ ದುಡಿಮೆ ತಪ್ಪಿದ್ದಲ್ಲ!

ಓಟ ನಿಂತರೂ ಅವಳ ಅನುಭವ ಎಲ್ಲಿಗೂ ಹೋಗದು. ಅದಕ್ಕೆ ತಕ್ಕ ಕೆಲಸವೆಂದರೆ ಕಾಲಮಾಪನ. ಇದು ಸುಲಭವೆಂದು ತಿಳಿಯಬಾರದು. ಒಂದು ಪ್ರಯೋಗವನ್ನು ಮಾಡಿ ನೋಡೋಣ. ಗೆಳೆಯನು ಅಳತೆಪಟ್ಟಿಯೊಂದನ್ನು ನೇರವಾಗಿ ತೂಗುಬಿಟ್ಟು, ಮುನ್ಸೂಚನೆಯಿಲ್ಲದೆ ಕೈಬಿಡಲಿ; ನಾವು ಅದನ್ನು ಬೆರಳುಗಳಿಂದ ಹಿಡಿಯೋಣ. ಅಷ್ಟರಲ್ಲಿ ಪಟ್ಟಿಯು 20 ಸೆಂಟಿಮೀಟರ್ ಬಿದ್ದಿದ್ದರೆ, ಬೀಳುವ ವಸ್ತುವಿನ ಸೂತ್ರದ ಪ್ರಕಾರ ಕಳೆದ ಕಾಲ ಸುಮಾರು 0.2 ಸೆಕೆಂಡು. ಇದೇ ನಮ್ಮ ಪ್ರತಿಕ್ರಿಯಾಕಾಲ.

ಈಗ 100 ಮೀಟರ್ ಓಟವನ್ನು ನೆನೆಯಿರಿ. ಗಡಿಯಾರ ಹಿಡಿದವಳು ಮುಕ್ತಾಯದ ಗೆರೆಯ ಬಳಿ ಇದ್ದಾಳೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಪಿಸ್ತೂಲಿನ ಸದ್ದು ಅವಳ ಕಿವಿಯನ್ನು ಮುಟ್ಟಲು 0.29 ಸೆಕೆಂಡು ಬೇಕು. ಸದ್ದನ್ನು ಕೇಳಿ ಗುಂಡಿ ಒತ್ತಿದರೆ ಗಡಿಯಾರವು ಅಷ್ಟು ತಡವಾಗಿ ಹೊರಡುತ್ತದೆ. ಸೆಕೆಂಡಿಗೆ 8 ಮೀಟರ್ ಓಡುವ ವಿದ್ಯಾರ್ಥಿನಿಗೆ 2 ಮೀಟರಿಗೂ ಹೆಚ್ಚಿನ ಸುಳ್ಳು ಲಾಭ ದೊರೆಯುತ್ತದೆ. ಆದುದರಿಂದ ಹೊಗೆಯನ್ನು ಕಂಡೊಡನೆ ಒತ್ತಬೇಕೆಂದು ನಿಯಮ. ಬೆಳಕಿನ ಪಯಣಕ್ಕೆ ತಗಲುವ ಕಾಲ ಗಣನೆಗೆ ಬಾರದು.

ಪ್ರತಿಕ್ರಿಯೆಯ ವಿಳಂಬವು ಆರಂಭದಲ್ಲಿಯೂ ಕೊನೆಯಲ್ಲಿಯೂ ಸಮವಾಗಿದ್ದರೆ ಒಂದನ್ನೊಂದು ಕಳೆಯುತ್ತಿತ್ತು. ಆದರೆ ಗೆರೆಯನ್ನು ಸಮೀಪಿಸುವವರನ್ನು ಮೊದಲೇ ಕಾಣುವುದರಿಂದ ಕೊನೆಯ ವಿಳಂಬ ಕಡಿಮೆ. ಹೀಗಾಗಿ ಕೈಯಿಂದ ಅಳೆದ ಕಾಲವು ನಿಜಕ್ಕಿಂತ ಕಿರಿದಾಗುತ್ತದೆ. ವಿದ್ಯುತ್ ಗಡಿಯಾರದ ಕಾಲದೊಡನೆ ಹೋಲಿಸುವಾಗ 100 ಮೀಟರ್ ಓಟಕ್ಕೆ 0.24 ಸೆಕೆಂಡು ಕೂಡಿಸುವ ರೂಢಿಗೆ ಇದೇ ಕಾರಣ. ಗೆರೆಗೆ ಮುಟ್ಟುವುದು ಕೈಯಲ್ಲ, ತಲೆಯಲ್ಲ, ಮುಂಡದ ಭಾಗವೇ ಲೆಕ್ಕಕ್ಕೆ ಬರುತ್ತದೆಂಬುದನ್ನು ಓಡಿ ಬಲ್ಲವಳ ಕಣ್ಣು ಬೇಗನೆ ಹಿಡಿಯುತ್ತದೆ.

ಅವಳಿಗೆ ಕೆಲಸ ಒಪ್ಪಿಸುವವರು ಒಂದು ಸಂಗತಿಯನ್ನು ಮರೆಯಬಾರದು. ಅಲುಗಾಡದೆ ಬಹಳ ಹೊತ್ತು ನಿಂತರೆ ರಕ್ತವು ಕಾಲಿನ ಸಿರೆಗಳಲ್ಲಿ ಶೇಖರವಾಗಿ ತಲೆಸುತ್ತು ಬರಬಹುದು. ನೆರಳು, ಕುರ್ಚಿ, ಕುಡಿಯುವ ನೀರು, ಸರದಿಗೆ ಇನ್ನೊಬ್ಬರು: ಇಷ್ಟನ್ನು ಒದಗಿಸುವುದು ಕರ್ತವ್ಯ. ನಡೆಯಲು ಇಷ್ಟಪಡುವವಳಿಗೆ ಪಾರ್ಕ್‌ರನ್ನಿನಲ್ಲಿ ಎಲ್ಲರ ಹಿಂದೆ ನಡೆಯುವ ಸೇವೆಯೂ ಇದೆ. ಆಗ ಓಟಕ್ಕೆ ಬಂದ ಯಾರೂ ಕೊನೆಯವರಾಗುವುದಿಲ್ಲ.

ಮುಂದಿನ ಕ್ರೀಡಾಕೂಟದಲ್ಲಿ ಇಂಥ ಓಟಗಾರ್ತಿಯೊಬ್ಬಳು ಬಯಲಿನ ಅಂಚಿನಲ್ಲಿ ನಿಂತಿದ್ದರೆ, ಮನೆಗೆ ಹೋಗಿ ವಿಶ್ರಮಿಸೆಂದು ಹೇಳುವ ಮೊದಲು, ಗಡಿಯಾರ ಹಿಡಿಯುವೆಯಾ ಎಂದು ನಾವು ಕೇಳಿ ನೋಡೋಣ.