ರಸಪರಿತ್ಯಾಗವೂ ಮನೆಯ ಅಡುಗೆಯೂ

ಮನೆಯ ಅಡುಗೆಯನ್ನು ಅಕ್ಕರೆಯಿಂದ ಮಾಡಿ ಉಣ್ಣುವ ದಂಪತಿಗಳಿಗೆ ವ್ರತವು ಹೊರೆಯೆಂದು ಕೆಲವರು ತಿಳಿಯುತ್ತಾರೆ. ಇದು ಸರಿಯಲ್ಲ. ನೀರನ್ನು ಸೋಸಿ, ಧಾನ್ಯವನ್ನು ಶೋಧಿಸಿ, ಸೂರ್ಯಾಸ್ತಕ್ಕೆ ಮುನ್ನ ಉಂಡು ಮುಗಿಸುವ ಮನೆಯಲ್ಲಿ ಅಹಿಂಸೆಯು ದಿನವೂ ಆಚರಣೆಯಲ್ಲಿರುತ್ತದೆ.

ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ಹೇಳುವ 6 ಬಾಹ್ಯತಪಗಳಲ್ಲಿ ರಸಪರಿತ್ಯಾಗವು ನಾಲ್ಕನೆಯದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ 6 ರಸಗಳಲ್ಲಿ ಒಂದನ್ನಾಗಲಿ ಹಲವನ್ನಾಗಲಿ ಬಿಡುವುದೇ ಈ ತಪ.

ಪತಿಯು ಭಾನುವಾರ ಉಪ್ಪನ್ನು ಬಿಟ್ಟನೆನ್ನೋಣ. ಪತ್ನಿಯು ಮರುಕದಿಂದ ಹೋಳಿಗೆ ಮಾಡಿ ತುಪ್ಪ ಸುರಿದರೆ, ಒಂದು ರಸದ ಆಸೆಯು ಇನ್ನೊಂದರಲ್ಲಿ ತೀರಿತಷ್ಟೆ. ಪತಿಯು ‘ಸಪ್ಪೆ’ಯೆಂದು ಮುಖ ಸಿಂಡರಿಸಿದರೆ, ಉಪ್ಪು ಬಿಟ್ಟರೂ ಕಷಾಯವು ಬಿಡಲಿಲ್ಲ. ತನಗಾಗಿ ಬೇರೆ ಅಡುಗೆ ಮಾಡಿಸಿದರಂತೂ ವ್ರತ ಅವನದು, ದಣಿವು ಪತ್ನಿಯದು; ಆರಂಭದ ಹಿಂಸೆಯೂ ಹೆಚ್ಚುತ್ತದೆ.

ಆದುದರಿಂದ ನಿಯಮವನ್ನು ಹಿಂದಿನ ದಿನವೇ ಇಬ್ಬರೂ ಕೂಡಿ ನಿಶ್ಚಯಿಸಬೇಕು. ಉಪ್ಪು ಹಾಕುವ ಮುನ್ನ ವ್ರತಿಯ ಪಾಲನ್ನು ತೆಗೆದಿಟ್ಟರೆ ಒಂದೇ ಅಡುಗೆ ಸಾಕು. ಬಡಿಸಿದುದನ್ನು ವ್ರತಿಯು ಸಮಭಾವದಿಂದ ಉಣ್ಣಲಿ. ಬಡಿಸುವವರು ಹೆಚ್ಚು ಉಪಚರಿಸದಿರಲಿ. ಅಡುಗೆಯ ಅಕ್ಕರೆ ಉಳಿಯಲಿ, ನಾಲಿಗೆಯ ಲೋಲುಪತೆ ಅಳಿಯಲಿ.