ಕೈತೋಟ ನೋಡಲು ಹೋದಾಗ ಏನು ನೋಡಬೇಕು?



ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಹೊಲಗಳಲ್ಲಿ ಮುಂಗಾರಿಗೆ ಸೋಯಾಬೀನ್, ತೊಗರಿ; ಹಿಂಗಾರಿಗೆ ಕಡಲೆ, ಜೋಳ. ಆದರೆ ಕಾಯಿಪಲ್ಯಕ್ಕೆ ಸಂತೆಯ ದಿನವನ್ನೇ ಕಾಯಬೇಕು. ತಂದ ಸೊಪ್ಪು ಎರಡು ದಿನಕ್ಕೆ ಮುಗಿಯುತ್ತದೆ. ಆಮೇಲೆ ಬೇಳೆ, ಚಟ್ನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 54 ಮಂದಿಗೆ ರಕ್ತಹೀನತೆ ಇತ್ತು. ಭೂಮಿ ಇದ್ದೂ ತಾಯಂದಿರು ಬಳಲುವುದು ಸರಿಯೇ?

ಇದಕ್ಕೆ ದಾರಿ ನಮ್ಮ ಸೀಮೆಯಲ್ಲೇ ಇದೆ. 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಇಲ್ಲಿಯ ಮಹಿಳೆಯರೊಂದಿಗೆ ದುಡಿಯತೊಡಗಿದ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ, ಮುಂದೆ ಬರಗಾಲದ ವರ್ಷಗಳಲ್ಲಿ ಒಂದು ಸರಳ ಮಾತು ಹೇಳಿತು: ಮನೆಯ ಹೊಲದಲ್ಲಿ ಅರ್ಧ ಎಕರೆಯೋ ಒಂದು ಎಕರೆಯೋ ಹೆಂಗಸರಿಗೆ ಬಿಡಿ, ಅಲ್ಲಿ ಮನೆಯವರು ಉಣ್ಣುವ ಕಾಳುಕಡಿ, ಕಾಯಿಪಲ್ಯ ಬೆಳೆಯಲಿ. ಈ ಕೆಲಸಕ್ಕೆ 2016ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅದೇ ವರ್ಷ ಲಾತೂರು ಪಟ್ಟಣಕ್ಕೆ ಮಿರಜದಿಂದ ರೈಲಿನಲ್ಲಿ ನೀರು ತಂದದ್ದು ನಮಗೆ ನೆನಪಿದೆ.

ಎಕರೆ ಬಿಡಲಾಗದವರು ಹಿತ್ತಲಿನಿಂದ ಆರಂಭಿಸಬಹುದು. ನಿಮ್ಮ ಬಚತ್ ಗಟದವರು ಒಳ್ಳೆಯ ಕೈತೋಟವೊಂದನ್ನು ನೋಡಲು ಹೋದರೆ ‘ಚೆನ್ನಾಗಿದೆ’ ಎಂದು ಹೇಳಿ ಬಂದುಬಿಡಬೇಡಿ. ಈ ನಾಲ್ಕನ್ನು ಗಮನಿಸಿ.

1. ಆಕಾರ: ಮಹಾರಾಷ್ಟ್ರದ ಹಳ್ಳಿಗಳಲ್ಲಿ ‘ಗಂಗಾ ಮಾ ಮಂಡಲ’ ಎಂಬ ದುಂಡನೆಯ ತೋಟ ಬಳಕೆಯಲ್ಲಿದೆ. ನಡುವೆ ಗೊಬ್ಬರದ ಗುಂಡಿ, ಸುತ್ತ ಏಳು ಮಡಿ. ದಿನಕ್ಕೊಂದು ಮಡಿಯಿಂದ ಕೊಯ್ದರೆ ಮೊದಲನೆಯದು ಚಿಗುರಲು ವಾರದ ಬಿಡುವು. ನಮ್ಮ ಎರೆಮಣ್ಣಿನಲ್ಲಿ ಮಳೆನೀರು ನಿಂತು ಬೇರು ಕೊಳೆಯುತ್ತದೆ. ಆದ್ದರಿಂದ ಮಡಿಗಳನ್ನು ಗೇಣೆತ್ತರ ಏರಿಸಿ.

2. ನೀರು: ಜಳಕದ ನೀರು, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಅದು ಬಾಳೆ, ಪಪ್ಪಾಯಿ, ನುಗ್ಗೆಗೆ ಹೋಗಲಿ. ಸೊಪ್ಪಿಗೆ, ಹಸಿಯಾಗಿ ತಿನ್ನುವ ಮೂಲಂಗಿ, ಗಜ್ಜರಿಗೆ ಶುದ್ಧ ನೀರೇ ಬೇಕು. ಮಡಿಗೆ ಕಸಕಡ್ಡಿ, ಹೊಟ್ಟು ಹೊದಿಸಿದರೆ ತೇವ ಬೇಗ ಆರುವುದಿಲ್ಲ.

3. ಬೆಳೆಯ ಸರದಿ: ಮಳೆಗಾಲಕ್ಕೆ ಬೆಂಡೆ, ಹೀರೆ, ಪುಂಡಿಪಲ್ಯ, ಚಳಿಗಾಲಕ್ಕೆ ಮೆಂತೆ, ಪಾಲಕ್, ಗಜ್ಜರಿ, ಬೇಸಿಗೆಗೆ ಚವಳಿಕಾಯಿ, ರಾಜಗಿರಿ. ಬೇಲಿಗೆ ಅವರೆ ಬಳ್ಳಿ, ಮೂಲೆಗೆ ನುಗ್ಗೆ, ಕರಿಬೇವು, ಲಿಂಬೆ. ಒಂದೇ ಸಲ ಎಲ್ಲ ಬೀಜ ಹಾಕದೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕಿ.

4. ಕೀಟ: ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ ಸಿಂಪಡಿಸಿ. ಸೋಯಾಬೀನಿಗೆ ಹೊಡೆದು ಉಳಿದ ಔಷಧವನ್ನು ಕೈತೋಟಕ್ಕೆ ಎಂದೂ ಹೊಡೆಯಬೇಡಿ. ಇಂದು ಹೊಡೆದ ವಿಷ ನಾಳೆ ಮಗುವಿನ ತಟ್ಟೆಗೆ ಬರುತ್ತದೆ.

ಇನ್ನು ಅಡಿಗೆಮನೆಯ ಮಾತು. ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಬಡಿಸುವಾಗ ಲಿಂಬೆ ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರವಿರಲಿ. ದಿನಕ್ಕೆ ಒಬ್ಬರಿಗೆ ಹಣ್ಣು, ತರಕಾರಿ ಸೇರಿ 400 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಗರ್ಭಿಣಿಯರು, ರಕ್ತಹೀನತೆ ಇರುವವರು ತೋಟವಿದೆಯೆಂದು ಆರೋಗ್ಯ ಕೇಂದ್ರದ ಗುಳಿಗೆ ಬಿಡಬಾರದು.

ಕೊನೆಗೊಂದು ಮಾತು ಗಂಡಸರಿಗೆ. ಈ ತುಂಡು ನೆಲದಲ್ಲಿ ಏನು ಬೆಳೆಯಬೇಕು, ಎಷ್ಟು ಮಾರಬೇಕು ಎಂಬುದನ್ನು ಮನೆಯಾಕೆಯೇ ನಿರ್ಧರಿಸಲಿ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವವಳು ಅವಳು. ಅವಳ ತಟ್ಟೆಗೂ ಪಲ್ಯ ಉಳಿಯಬೇಕು.

ಈ ವಾರ ಮಾಡಿ: ಜಳಕದ ನೀರು ಹರಿಯುವ ಕಡೆ ಒಂದು ನುಗ್ಗೆ ಟೊಂಗೆ ನೆಡಿ, ಪಕ್ಕದಲ್ಲಿ ಒಂದು ಮಡಿ ಮಾಡಿ ಕಾಲಕ್ಕೆ ತಕ್ಕ ಸೊಪ್ಪಿನ ಬೀಜ ಹಾಕಿ.